ಶುಶ್ರೂಷೆಯ ಶಿಕ್ಷಣವೂ ಅರಬೈಲಿನ ಮನೆಗಳೂ

ಹುಬ್ಬಳ್ಳಿಯಿಂದ ಅಂಕೋಲೆಗೆ ಹೋಗುವ ಹೆದ್ದಾರಿಯು ಯಲ್ಲಾಪುರವನ್ನು ದಾಟಿ, ಇಡಗುಂದಿಯನ್ನು ಹಿಂದೆ ಹಾಕಿ, ಕಡಲ ಕಡೆಗೆ ಇಳಿಯತೊಡಗುವ ಎಡೆಯೇ ಅರಬೈಲು. ಈ ಘಟ್ಟದ ಹೆಸರನ್ನು ಕೇಳದ ಲಾರಿ ಚಾಲಕನು ನಮ್ಮ ನಾಡಿನಲ್ಲಿ ಇರಲಿಕ್ಕಿಲ್ಲ. ಬಳ್ಳಾರಿಯ ಅದಿರು ಬೇಲೆಕೇರಿಯ ಬಂದರಕ್ಕೆ ಹೋದದ್ದು ಈ ದಾರಿಯಿಂದ. ಬಯಲುಸೀಮೆಯ ಕಾಯಿಪಲ್ಯವು ಕುಮಟೆಯ ಸಂತೆಗೆ ಇಳಿಯುವದೂ ಈ ದಾರಿಯಿಂದಲೇ. ದಾರಿಯು ಎಲ್ಲರಿಗೂ ಗೊತ್ತು. ದಾರಿಯನ್ನು ಬಿಟ್ಟು ಎಡಕ್ಕೋ ಬಲಕ್ಕೋ ಕಾಡಿನೊಳಗೆ ಹೊರಳಿದರೆ ತೋಟದ ತಲೆಯ ಮೇಲೆ ಒಂದೊಂದಾಗಿ ಕಾಣಸಿಗುವ ಮನೆಗಳು ಮಾತ್ರ ಅಲ್ಲಿಗೆ ಹೋಗಿಬಂದವರಿಗಷ್ಟೇ ಗೊತ್ತು. ಆ ಮನೆಗಳ ವಿಷಯವಾಗಿಯೂ, ಆ ಮನೆಗಳ ಮಕ್ಕಳು ಕಾಲೇಜಿನಲ್ಲಿ ಕಲಿಯಬೇಕಾದ ಒಂದು ವಿದ್ಯೆಯ ವಿಷಯವಾಗಿಯೂ ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದು ನಮ್ಮ ಇಚ್ಛೆ.

2025ನೆಯ ಇಸವಿಯ ಜನವರಿ 22ರಂದು, ಇನ್ನೂ ಬೆಳಕು ಹರಿಯದ ಹೊತ್ತಿನಲ್ಲಿ, ಸವಣೂರಿನಿಂದ ಕುಮಟೆಯ ಸಂತೆಗೆ ಹಣ್ಣು-ಕಾಯಿಪಲ್ಯಗಳನ್ನು ಹೇರಿಕೊಂಡು ವ್ಯಾಪಾರಿಗಳೊಡನೆ ಹೊರಟಿದ್ದ ಲಾರಿಯೊಂದು ಅರಬೈಲು-ಗುಳ್ಳಾಪುರದ ಬಳಿಯಲ್ಲಿ ಕಂದಕಕ್ಕೆ ಉರುಳಿತು. 10 ಜನರು ಮಡಿದರು. ಗಾಯಗೊಂಡವರನ್ನು ಮೇಲಕ್ಕೆ ತಂದು ಹುಬ್ಬಳ್ಳಿಯ ದೊಡ್ಡಾಸ್ಪತ್ರೆಗೆ ಸಾಗಿಸಿದರು. ಇಂಥ ಅಪಘಾತವಾದಾಗಲೆಲ್ಲ ಎರಡು ದಿನ ಪತ್ರಿಕೆಗಳಲ್ಲಿ ದಪ್ಪಕ್ಷರದ ಸುದ್ದಿ, ಪರಿಹಾರದ ಘೋಷಣೆ, ರಸ್ತೆಯ ತಿರುವುಗಳನ್ನು ಕುರಿತು ಚರ್ಚೆ. ಮೂರನೆಯ ದಿನ ಬೇರೆ ಸುದ್ದಿ. ಪತ್ರಿಕೆಯವರಾದ ನಾವೂ ಈ ದೋಷಕ್ಕೆ ಹೊರತಲ್ಲ. ಗಾಯಗೊಂಡವನು ಆಸ್ಪತ್ರೆಯ ಬಾಗಿಲನ್ನು ಸೇರಿದನೆಂದರೆ ಕಥೆಯು ಮುಗಿಯಿತೆಂದೇ ಎಲ್ಲರೂ ತಿಳಿಯುತ್ತಾರೆ.

ಉತ್ತರ ಕನ್ನಡ ಜಿಲ್ಲೆಗೆ ಸಕಲ ಸೌಕರ್ಯಗಳುಳ್ಳ ದೊಡ್ಡದೊಂದು ಆಸ್ಪತ್ರೆಯು ಬೇಕೆಂದು 2022ರಲ್ಲಿ ಜನರೆಬ್ಬಿಸಿದ ಕೂಗು ಸರ್ವಥಾ ನ್ಯಾಯವಾದದ್ದು. ಆ ವರ್ಷದ ಜುಲೈ ತಿಂಗಳಲ್ಲಿ ಹೊನ್ನಾವರದ ರೋಗಿಯೊಬ್ಬರನ್ನು ಕುಂದಾಪುರದ ಕಡೆಗೆ ಒಯ್ಯುತ್ತಿದ್ದ ಅಂಬ್ಯುಲೆನ್ಸು ಶಿರೂರಿನ ಸುಂಕದ ಕಟ್ಟೆಯ ಬಳಿ ಉರುಳಿಬಿದ್ದು 4 ಜನರು ತೀರಿಕೊಂಡ ಬಳಿಕ, ಆಸ್ಪತ್ರೆಯಿಲ್ಲದಿದ್ದರೆ ಮತವೂ ಇಲ್ಲವೆಂದು ತರುಣರು ಹಟ ಹಿಡಿದದ್ದನ್ನು ವಾಚಕರು ಮರೆತಿರಲಾರರು. ಆಸ್ಪತ್ರೆಯು ಬರಲಿ, ಬೇಗನೆ ಬರಲಿ. ಆದರೆ ನಮ್ಮ ಪ್ರಶ್ನೆಯು ಆಸ್ಪತ್ರೆಯಿಂದ ಮನೆಗೆ ಮರಳುವ ದಿನದಿಂದ ಆರಂಭವಾಗುತ್ತದೆ.

ಒಂದು ಮನೆಯನ್ನು ಕಲ್ಪಿಸಿಕೊಳ್ಳಿರಿ. ಆಷಾಢ ಕಳೆದು ಶ್ರಾವಣ ಬಂದಿದೆ, ಮಳೆ ಬಿಟ್ಟಿಲ್ಲ. ಕೊಳೆರೋಗವು ತಗಲದಂತೆ ಅಡಿಕೆಯ ಗೊನೆಗಳಿಗೆ ಮೈಲುತುತ್ತ-ಸುಣ್ಣದ ಮದ್ದು ಹೊಡೆಯಲಿಕ್ಕೆ ಏರಿದ ಕೊನೆಗೌಡನು ಹಾವಸೆಗಟ್ಟಿದ ಮರದಿಂದ ಜಾರಿ ಕೆಳಗೆ ಬೀಳುತ್ತಾನೆ. ಜನರು ಕಂಬಳಿಯಲ್ಲಿ ಹೊತ್ತು ಕಾಲುಸಂಕ ದಾಟಿಸಿ ರಸ್ತೆಗೆ ತರುತ್ತಾರೆ. 2008ರ ನವೆಂಬರದಿಂದ ರಾಜ್ಯದಲ್ಲಿ ಓಡುತ್ತಿರುವ 108ರ ಗಾಡಿಯು ಬರುತ್ತದೆ. ಹುಬ್ಬಳ್ಳಿಯಲ್ಲಿ ಶಸ್ತ್ರಕ್ರಿಯೆಯೂ ಆಗುತ್ತದೆ. ಪ್ರಾಣವು ಉಳಿಯಿತು; ಸೊಂಟದಿಂದ ಕೆಳಗೆ ಚಲನೆಯಿಲ್ಲ. ಒಂದು ತಿಂಗಳ ನಂತರ ಅದೇ ಕಾಲುಸಂಕದ ಮೇಲೆ ಅವನನ್ನು ಮನೆಗೆ ಹೊತ್ತು ತರುತ್ತಾರೆ.

ಇನ್ನು ಮುಂದಿನದನ್ನು ನೋಡಿರಿ. ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹಾಸಿಗೆಹುಣ್ಣಾಗುತ್ತದೆ; ಆ ಹುಣ್ಣು ಎಲುಬಿಗೆ ಮುಟ್ಟಿ ನಂಜೇರಿದರೆ ಶಸ್ತ್ರವೈದ್ಯನು ಉಳಿಸಿಕೊಟ್ಟ ಪ್ರಾಣವು ಹಾಸಿಗೆಯಲ್ಲಿಯೇ ಹೋಗುತ್ತದೆ. ಮೂತ್ರದ ಕೊಳವೆಯನ್ನು ಶುಚಿಯಾಗಿಡಬೇಕು. ಚಲನೆಯಿಲ್ಲದ ಕಾಲುಗಳು ಮಡಚಿ ಸೆಟೆಯದಂತೆ ದಿನಾಲು ಆಡಿಸಬೇಕು. ಇವೆಲ್ಲ ವೈದ್ಯಕೀಯವಾಯಿತು. ಹೆಂಡತಿಯು ಕೂಲಿಗೆ ಹೋದರೆ ಗಂಡನ ಬಳಿ ಯಾರೂ ಇಲ್ಲ; ಬಳಿಯಲ್ಲಿ ಕುಳಿತರೆ ಒಲೆಗೆ ಅಕ್ಕಿಯಿಲ್ಲ. ದೊಡ್ಡ ಮಗನು ಸಾಲೆ ಬಿಡುವ ಯೋಚನೆಯಲ್ಲಿದ್ದಾನೆ. ವೈದ್ಯರ ಪ್ರಮಾಣಪತ್ರವಿಲ್ಲದೆ ಅಂಗವಿಕಲರ ಗುರುತಿನ ಚೀಟಿ ದೊರೆಯದು, ಚೀಟಿಯಿಲ್ಲದೆ ಮಾಸಾಶನವಿಲ್ಲ, ಮಾಸಾಶನಕ್ಕೆ ಬ್ಯಾಂಕಿನ ಖಾತೆ ಬೇಕು, ಖಾತೆಗೆ ಹೆಬ್ಬೆಟ್ಟನ್ನು ಒತ್ತಲಿಕ್ಕೆ ಆ ಮನುಷ್ಯನನ್ನು ಮತ್ತೊಮ್ಮೆ ಹೊತ್ತು ಪೇಟೆಗೆ ತರಬೇಕು. ಇನ್ನು ಅವನ ಮನಸ್ಸು. ನಲವತ್ತು ಅಡಿ ಎತ್ತರದಲ್ಲಿ ಮರದಿಂದ ಮರಕ್ಕೆ ಜೋಕಾಲಿಯಾಡಿದವನು ಗೋಡೆಯನ್ನು ನೋಡುತ್ತ ಮಲಗಿದಾಗ ಅವನ ತಲೆಯಲ್ಲಿ ಏನು ಸುಳಿಯುವದೆಂಬುದನ್ನು ಆ ಮನೆಯವರು ಬಲ್ಲರು. ಆದ್ದರಿಂದಲೇ ಹಗ್ಗ, ಕತ್ತಿ, ಮದ್ದಿನ ಡಬ್ಬಿಗಳನ್ನು ಅವನ ಕೈಗೆ ಸಿಗದಂತೆ ಇಡುತ್ತಾರೆ.

ಈ ಮನೆಗೆ ಯಾರೂ ಬರುವದಿಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಆಶಾ ಕಾರ್ಯಕರ್ತೆಯು ಬರುತ್ತಾಳೆ; ಸಾವಿರ ಜನರಿಗೊಬ್ಬಳೆಂಬ ಲೆಕ್ಕವು ಬಯಲಿನಲ್ಲಿ ಒಂದು ಓಣಿಯಾದರೆ ಘಟ್ಟದಲ್ಲಿ ಹತ್ತು ಮೈಲಿಯ ಕಾಡಾಗುತ್ತದೆ. ಗುಡ್ಡಗಾಡಿನಲ್ಲಿ 3,000 ಜನರಿಗೊಂದರಂತಿರುವ ಉಪಕೇಂದ್ರದ ಸಹಾಯಕ ದಾದಿಯು ಬರುತ್ತಾಳೆ. ಅವಳ ಚೀಲದಲ್ಲಿ ಚುಚ್ಚುಮದ್ದಿಗಿಂತ ರಿಜಿಸ್ಟರುಗಳೇ ಹೆಚ್ಚು. 2018ರಿಂದ ನೇಮಕವಾಗುತ್ತ ಬಂದ ಸಮುದಾಯ ಆರೋಗ್ಯ ಅಧಿಕಾರಿಯು ರಕ್ತದೊತ್ತಡ, ಸಕ್ಕರೆಗಳನ್ನು ನೋಡುತ್ತಾರೆ. ಗ್ರಾಮ ಪಂಚಾಯತಿಯ ಪುನರ್ವಸತಿ ಕಾರ್ಯಕರ್ತನು ಗೌರವಧನದ ಮೇಲೆ ದುಡಿಯುವವನು; ತಾನೇ ಅಂಗವಿಕಲನಾಗಿದ್ದು, ಇದೇ ಕಾಲುಸಂಕವನ್ನು ದಾಟಿಯೇ ಬರಬೇಕು. ಆಶಾ ಕಾರ್ಯಕರ್ತೆಯರಂತೂ ಈ ಲಾರಿಯ ಅಪಘಾತವಾದ ತಿಂಗಳಿನಲ್ಲಿಯೇ ಬೆಂಗಳೂರಿನಲ್ಲಿ ಚಳಿಗೆ ರಸ್ತೆಯ ಮೇಲೆ ಮಲಗಿ, ತಿಂಗಳಿಗೆ ಕನಿಷ್ಠ 10,000 ರೂಪಾಯಿಗಳ ಭರವಸೆಯನ್ನು ಪಡೆದು ಮರಳಿದರು. ಒಬ್ಬೊಬ್ಬರೂ ತಮ್ಮ ತಮ್ಮ ಪಾಲಿನ ಕಾಗದವನ್ನು ತುಂಬಿಕೊಂಡು ಹೋಗುತ್ತಾರೆ. ಆ ಮನುಷ್ಯನನ್ನು ಮಗ್ಗುಲಿಗೆ ಹೊರಳಿಸಿ ಬೆನ್ನನ್ನು ನೋಡುವದೂ, ಅವನ ಮಗನ ಹೆಡ್‌ಮಾಸ್ತರರೊಡನೆ ಮಾತಾಡುವದೂ, ತಹಶೀಲದಾರರ ಕಚೇರಿಯ ಮೆಟ್ಟಲನ್ನು ಹತ್ತುವದೂ ಒಂದೇ ಕೆಲಸವೆಂದು ತಿಳಿದು ಮಾಡುವವರು ಇಲ್ಲ. ಯಾಕಂದರೆ ಅದನ್ನು ಒಂದೇ ಕೆಲಸವೆಂದು ಕಲಿಸುವ ಶಾಲೆಯು ನಮ್ಮಲ್ಲಿ ಇಲ್ಲ.

ನಮ್ಮ ಕಾಲೇಜುಗಳಲ್ಲಿ ಈ ವಿದ್ಯೆಯನ್ನು ಎರಡು ಓಣಿಗಳಾಗಿ ಸೀಳಿದ್ದಾರೆ. ಮೊದಲಿನದು ಆರೋಗ್ಯದ ಓಣಿ. ವಿಜ್ಞಾನ ಓದಿ ಪಿ.ಯು.ಸಿ. ಮುಗಿಸಿದವರಿಗೆ 4 ವರ್ಷಗಳ ಬಿ.ಎಸ್‌ಸಿ. ನರ್ಸಿಂಗು, ಅದಕ್ಕಿಂತ ಸ್ವಲ್ಪ ಸುಲಭವಾಗಿ ಪ್ರವೇಶ ದೊರೆಯುವ 3 ವರ್ಷಗಳ ಜಿ.ಎನ್.ಎಂ.; ಕಲಾವಿಭಾಗದವರಿಗೂ ತೆರೆದಿರುವ 2 ವರ್ಷಗಳ ಎ.ಎನ್.ಎಂ.; ಇವಲ್ಲದೆ ಪ್ರಯೋಗಶಾಲೆ, ಕ್ಷ-ಕಿರಣ, ಡಯಾಲಿಸಿಸ್ ಮೊದಲಾದ ಪ್ಯಾರಾಮೆಡಿಕಲ್ ಡಿಪ್ಲೊಮಾಗಳು. 1996ರಲ್ಲಿ ಸ್ಥಾಪನೆಯಾದ ರಾಜೀವ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು ಪದವಿ ತರಗತಿಗಳಿಗೆ ಹಿರಿಯಣ್ಣ. ಎರಡನೆಯದು ಸಮಾಜಕಾರ್ಯದ ಓಣಿ. ಮುಂಬಯಿಯಲ್ಲಿ 1936ರಲ್ಲಿ ಟಾಟಾ ಮನೆತನದ ದತ್ತಿಯಿಂದ ತೆರೆದ ಶಾಲೆಯೇ ಈ ದೇಶದಲ್ಲಿ ಇದರ ತಾಯಿಬೇರು. ಮಂಗಳೂರಿನ ರೋಶನಿ ನಿಲಯವು 1960ರಿಂದ ಈ ವಿದ್ಯೆಯನ್ನು ಕಲಿಸುತ್ತ ಬಂದಿದೆ. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ವಿಭಾಗವಿದೆ. ಮೊದಲಿನ ಓಣಿಯವರಿಗೆ ಹುಣ್ಣು ತೊಳೆಯಲಿಕ್ಕೆ ಬರುತ್ತದೆ, ಅರ್ಜಿ ಬರೆಯಲಿಕ್ಕೆ ಬರುವದಿಲ್ಲ. ಎರಡನೆಯ ಓಣಿಯವರಿಗೆ ಅರ್ಜಿ ಬರೆಯಲಿಕ್ಕೆ ಬರುತ್ತದೆ, ಹುಣ್ಣನ್ನು ಕಂಡರೆ ತಲೆ ತಿರುಗುತ್ತದೆ. ಇದು ಅತಿಶಯೋಕ್ತಿಯೆಂದು ಅಧ್ಯಾಪಕರು ಮುನಿಯಬಹುದು. ಸಮಾಜಶಾಸ್ತ್ರ, ಸಮುದಾಯ ಶುಶ್ರೂಷೆಗಳು ನರ್ಸಿಂಗಿನ ಪಠ್ಯದಲ್ಲಿ ಉಂಟೆಂಬುದನ್ನು ನಾವು ಬಲ್ಲೆವು. ಪಠ್ಯದಲ್ಲಿ ಇರುವದಕ್ಕೂ ಮನೆಯ ಜಗಲಿಯ ಮೇಲೆ ಕುಳಿತು ಕಲಿಯುವದಕ್ಕೂ ಇರುವ ಅಂತರವನ್ನು ಅಧ್ಯಾಪಕರೂ ಬಲ್ಲರು.

ಈ ಗೋಡೆಯು ನಮ್ಮ ನಾಡಿನವರು ಮಾತ್ರ ಕಟ್ಟಿದ್ದಲ್ಲ. ಇಂಗ್ಲೆಂಡಿನಲ್ಲಿ 1948ರ ಜುಲೈ 5ರಂದು ಎಲ್ಲರಿಗೂ ಬಿಟ್ಟಿ ವೈದ್ಯೋಪಚಾರದ ರಾಷ್ಟ್ರೀಯ ಸೇವೆಯು ಆರಂಭವಾದ ದಿನವೇ, ಮುದುಕರ ಮತ್ತು ಅಂಗವಿಕಲರ ಪಾಲನೆಯನ್ನು ಬೇರೊಂದು ಕಾಯಿದೆಯಿಂದ ಊರಾಡಳಿತಗಳಿಗೆ ಒಪ್ಪಿಸಿದರು. ಮೊದಲಿನದಕ್ಕೆ ಹಣ ಕೊಡಬೇಕಾಗಿಲ್ಲ, ಎರಡನೆಯದಕ್ಕೆ ಉಳ್ಳವರು ಕೊಡಬೇಕು. ಅಂದು ಸೀಳಿದ್ದನ್ನು ಹೊಲಿಯಲು ಅವರು ಇಂದಿಗೂ ಹೆಣಗುತ್ತಿದ್ದಾರೆ. ಅಲ್ಲಿಯ ಕಾಲೇಜುಗಳಲ್ಲಿ ಹದಿನಾರು ವರ್ಷದ ಹುಡುಗ-ಹುಡುಗಿಯರಿಗೆ ಆರೋಗ್ಯ ಮತ್ತು ಸಮಾಜಪಾಲನೆಗಳನ್ನು ಒಂದೇ ವಿಷಯವನ್ನಾಗಿ ಕಲಿಸುತ್ತಾರೆ. ನಮ್ಮಲ್ಲಿಯಾದರೂ ಎಚ್ಚರಿಕೆಯ ಮಾತು ಕೇಳಿರಲಿಲ್ಲವೆಂದಲ್ಲ. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿಯನ್ನು ಒಪ್ಪಿಸಿದ ಭೋರ್ ಸಮಿತಿಯು, ವೈದ್ಯನು ಸಮಾಜದ ವೈದ್ಯನೂ ಆಗಬೇಕೆಂದೂ ಅದಕ್ಕಾಗಿ ಪ್ರತಿಯೊಬ್ಬ ವೈದ್ಯವಿದ್ಯಾರ್ಥಿಗೂ 3 ತಿಂಗಳ ಪ್ರತ್ಯೇಕ ತರಬೇತಿಯು ಬೇಕೆಂದೂ ಹೇಳಿತ್ತು. ಅಂದಿನ ಬ್ರಿಟಿಷ್ ಹಿಂದುಸ್ಥಾನದಲ್ಲಿ ದಾದಿಯರ ಸಂಖ್ಯೆ ಸುಮಾರು 7,000. ಅಂದರೆ 43,000 ಜನರಿಗೊಬ್ಬಳು. ಸಂಖ್ಯೆಯು ಈಗ ಎಷ್ಟೋ ಪಟ್ಟು ಬೆಳೆದಿದೆ. ಜಗಲಿಯ ವರೆಗಿನ ದೂರವು ಮಾತ್ರ ಅಷ್ಟೇ ಇದೆ.

ಎರಡನ್ನೂ ಕೂಡಿಸಲು ಸಾಧ್ಯವೇ ಎಂಬ ಸಂಶಯವು ಬೇಡ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮನೋರೋಗಿಯ ಸುತ್ತ ವೈದ್ಯ, ದಾದಿ, ಮನಶ್ಶಾಸ್ತ್ರಜ್ಞರೊಡನೆ ಸಮಾಜಕಾರ್ಯಕರ್ತರೂ ಕೂಡ್ರುತ್ತಾರೆ. ಅದಕ್ಕಾಗಿಯೇ ಒಂದು ಅಧ್ಯಯನ ವಿಭಾಗವಿದೆ. ರೋಗಿಯ ಜೊತೆಗೆ ಮನೆಯವರನ್ನೂ ಇರಿಸಿಕೊಳ್ಳುವ ವಾರ್ಡುಗಳಿವೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದ ಡಾ. ಸುದರ್ಶನರು ಸೋಲಿಗರ ಹೆಣ್ಣುಮಕ್ಕಳಿಗೇ ದಾದಿಯ ತರಬೇತಿಯನ್ನು ಕೊಡಿಸಿ, ಅವರ ಜನರ ಹಾಡಿಗಳಿಗೆ ಅವರನ್ನೇ ಕಳಿಸಿದರು. ನೆರೆಯ ಕೇರಳದಲ್ಲಿ 1993ರಲ್ಲಿ ಕೋಜಿಕ್ಕೋಡಿನಲ್ಲಿ ಆರಂಭವಾದ ನೋವುಶಮನದ ಕಾರ್ಯವು ಹಳ್ಳಿಹಳ್ಳಿಯ ನೆರೆಹೊರೆಯವರನ್ನು ಸೇರಿಸಿಕೊಂಡು ಬೆಳೆಯಿತು; ಹಾಸಿಗೆ ಹಿಡಿದವನ ಮನೆಗೆ ದಾದಿಯ ಜೊತೆಗೆ ಊರಿನವರೂ ಹೋಗುತ್ತಾರೆ, ಹುಣ್ಣನ್ನು ತೊಳೆದ ಕೈಯೇ ಅಕ್ಕಿಯ ಚೀಲವನ್ನೂ ಇಳಿಸುತ್ತದೆ. 2008ರಲ್ಲಿ ಅಲ್ಲಿಯ ಸರಕಾರವು ಅದನ್ನು ತನ್ನ ಧೋರಣೆಯನ್ನಾಗಿ ಸ್ವೀಕರಿಸಿತು. ಕೇಂದ್ರ ಸರಕಾರವು 2021ರಲ್ಲಿ ಮಾಡಿದ ಆರೋಗ್ಯವೃತ್ತಿಗಳ ಕಾಯಿದೆಯ ಅನುಸೂಚಿಯಲ್ಲಿಯೂ ವೈದ್ಯಕೀಯ ಸಮಾಜಕಾರ್ಯಕರ್ತರನ್ನು ಎಣಿಸಲಾಗಿದೆ. ಗೋಡೆಯಲ್ಲಿ ಬಾಗಿಲನ್ನು ಕಾಯಿದೆಯು ತೆರೆದಿದೆ. ಒಳಗೆ ಹೋಗುವವರು ಬೇಕಾಗಿದ್ದಾರೆ.

ಈ ವಿದ್ಯೆಯ ಅರ್ಧ ಭಾಗವು ನಮ್ಮ ಘಟ್ಟದ ಮಕ್ಕಳಿಗೆ ಹುಟ್ಟಿನಿಂದಲೇ ಬಂದಿರುತ್ತದೆಂಬುದನ್ನು ನಗರದವರು ಅರಿಯರು. ಯಲ್ಲಾಪುರದ ಸೀಮೆಯಲ್ಲಿ ಒಂದೇ ದಿನದ ನಡಿಗೆಯಲ್ಲಿ ಹವ್ಯಕರ ಕನ್ನಡ, ಸಿದ್ದಿಗಳ ಕೊಂಕಣಿಬೆರೆತ ಮಾತು, ಗೌಳಿಗರ ಮರಾಠಿ, ಇವೆಲ್ಲ ಕಿವಿಗೆ ಬೀಳುತ್ತವೆ. ಎದೆ ಹಿಡಿದಂತಾಗುವದು ಬೇರೆ, ಎದೆ ಉರಿಯುವದು ಬೇರೆ. ಕಾಲು ಜೋಮು ಹಿಡಿಯುವದು ಬೇರೆ, ಸೆಳೆಯುವದು ಬೇರೆ. ಈ ಭೇದವು ಮುದುಕಿಯ ಬಾಯಿಂದ ಹೊರಟಾಗ ಕೇಳುವವಳಿಗೆ ಅರ್ಥವಾಗದಿದ್ದರೆ ಅವಳ ನಾಲ್ಕು ವರ್ಷಗಳ ಇಂಗ್ಲಿಷ್ ಪುಸ್ತಕಗಳು ಏನು ಮಾಡಬಲ್ಲವು? ಹೊರಗಿನಿಂದ ಬಂದು ನಮ್ಮ ಆಸ್ಪತ್ರೆಗಳಲ್ಲಿ ದುಡಿಯುವ ಮಲೆಯಾಳಿ ದಾದಿಯರ ಶ್ರದ್ಧೆಯನ್ನು ನಾವು ಕೊಂಡಾಡುತ್ತೇವೆ. ಅವರು ಬಾರದಿದ್ದರೆ ಎಷ್ಟೋ ಆಸ್ಪತ್ರೆಗಳ ದೀಪವೇ ಆರುತ್ತಿತ್ತು. ಆದರೆ 2003ರಲ್ಲಿ ಪರಿಶಿಷ್ಟ ಪಂಗಡದಲ್ಲಿ ಸೇರಿದ ಸಿದ್ದಿ ಜನರ ಕೇರಿಗೆ ಸಿದ್ದಿ ಹುಡುಗಿಯೇ ದಾದಿಯಾಗಿ ಹೋದರೆ, ಬಾಗಿಲು ಬೇರೆ ರೀತಿಯಲ್ಲಿ ತೆರೆಯುತ್ತದೆ.

ಮಂಗನ ಕಾಯಿಲೆಯು ಈ ಪಾಠವನ್ನು ನಮಗೆ ಕಲಿಸುತ್ತಲೇ ಬಂದಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಪತ್ತೆಯಾದ ಈ ಜ್ವರವು ನೆರೆಯ ಸಿದ್ದಾಪುರವನ್ನು 2024ರಲ್ಲಿಯೂ ಕಾಡಿತು. ಹಳೆಯ ಲಸಿಕೆಯನ್ನು ನಿಲ್ಲಿಸಿದ ಮೇಲೆ ಉಣುಗು ಕಚ್ಚದಂತೆ ಮೈಗೆ ತೈಲ ಬಳಿದುಕೊಳ್ಳುವದೇ ಜನರಿಗಿದ್ದ ಮುಖ್ಯ ರಕ್ಷೆಯಾಯಿತು. ತೈಲವನ್ನು ಹಂಚುವದು ಸುಲಭ. ಸೊಪ್ಪಿನ ಬೆಟ್ಟಕ್ಕೆ ದರಕು ಗುಡಿಸಲಿಕ್ಕೆ ಹೋಗುವ ಹೆಂಗಸು ಅದನ್ನು ದಿನಾಲು ಬಳಿದುಕೊಳ್ಳುವಂತೆ ಮಾಡುವದು, ಬೆಟ್ಟಕ್ಕೆ ಹೋಗಬೇಡವೆನ್ನುವ ಮೊದಲು ಅವಳ ಕೊಟ್ಟಿಗೆಗೆ ಹಾಸಲು ಬೇರೇನುಂಟೆಂದು ಯೋಚಿಸುವದು, ಇದು ತೈಲದ ಡಬ್ಬಿಯಲ್ಲಿ ಬರುವದಿಲ್ಲ.

ಇನ್ನೊಂದು ದುಃಖವು ಸದ್ದಿಲ್ಲದ್ದು. ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ತೋಟದ ಮನೆಗಳಲ್ಲಿ ಮಕ್ಕಳು ಬೆಂಗಳೂರಿಗೆ ಹೋಗಿ, ಹೆಬ್ಬಾಗಿಲ ಒಳಗೆ ಇಬ್ಬರೇ ಮುದುಕರು ಉಳಿದಿದ್ದಾರೆ, ಒಮ್ಮೊಮ್ಮೆ ಒಬ್ಬರೇ. 2007ರ ಕಾಯಿದೆಯು ತಂದೆ-ತಾಯಿಗಳನ್ನು ಸಾಕಬೇಕೆಂದು ಮಕ್ಕಳಿಗೆ ಆಜ್ಞಾಪಿಸುತ್ತದೆ. ಮಕ್ಕಳು ಹಣ ಕಳಿಸಲು ಹಿಂಜರಿಯುವವರೂ ಅಲ್ಲ. ಆದರೆ ಮರೆವು ಹತ್ತಿದ ತಾಯಿಯು ನಡುರಾತ್ರಿ ತೋಟಕ್ಕೆ ಇಳಿದರೆ ಹಿಡಿದು ಕರೆತರಲಿಕ್ಕೆ ಹಣಕ್ಕೆ ಕೈಕಾಲುಗಳಿಲ್ಲ. ಪೇಟೆಯ ಏಜೆಂಟರು ಕಳಿಸುವ ‘ಹೋಮ್ ನರ್ಸ್’ ಎಂಬ ಹೆಣ್ಣುಮಗಳು ಕೆಲವೇ ತಿಂಗಳು, ಒಮ್ಮೊಮ್ಮೆ ಏನನ್ನೂ ಕಲಿಯದೆ, ಹೊಟ್ಟೆಪಾಡಿಗೆ ಬಂದವಳು. ತಪ್ಪು ಅವಳದಲ್ಲ. ಅಡಿಕೆಯ ಮರಕ್ಕೆ ಮದ್ದನ್ನು ಯಾವಾಗ ಹೊಡೆಯಬೇಕೆಂಬುದಕ್ಕೆ ಪದವೀಧರರನ್ನು ಕೇಳುವ ನಾವು, ಹೆತ್ತವಳ ಊಟ, ಔಷಧ, ಸ್ನಾನಗಳಿಗೆ ಏನೂ ಕಲಿಯದವಳು ಸಾಕೆಂದು ತಿಳಿದಿದ್ದೇವೆ.

ಹಾಗಾದರೆ ನಮ್ಮ ಮಕ್ಕಳು ಈ ವಿದ್ಯೆಯನ್ನು ಕಲಿಯುತ್ತಿಲ್ಲವೇ? ಕಲಿಯುತ್ತಾರೆ. ಹುಬ್ಬಳ್ಳಿ, ಮಂಗಳೂರು, ಬೆಂಗಳೂರುಗಳ ನರ್ಸಿಂಗ್ ಕಾಲೇಜುಗಳಿಗೆ ಹೋಗುತ್ತಾರೆ, ಸಾಲ ಮಾಡಿ ಓದುತ್ತಾರೆ, ಸಾಲ ತೀರಿಸಲು ಬೆಂಗಳೂರಿನಲ್ಲಿಯೋ ಅರಬರ ದೇಶದಲ್ಲಿಯೋ ನಿಲ್ಲುತ್ತಾರೆ. ಅವರನ್ನು ದೂರುವದು ಹೇಡಿತನ. ಮರಳಿ ಬಂದರೆ ಯಲ್ಲಾಪುರದಲ್ಲಿ ಅವರಿಗೆ ದೊರೆಯುವದು ಗುತ್ತಿಗೆಯ ನೌಕರಿ, ವರ್ಷಕ್ಕೊಮ್ಮೆ ನವೀಕರಣದ ಭಯ, ನಗರದಲ್ಲಿ ಸಿಗುವದಕ್ಕಿಂತ ಕಡಿಮೆ ಪಗಾರ. ಗಂಡುಮಕ್ಕಳಂತೂ ಇತ್ತ ಮುಖ ಹಾಕುವದೇ ವಿರಳ. ಶುಶ್ರೂಷೆಯು ಹೆಂಗಸರ ಕೆಲಸವೆಂಬ ಭ್ರಾಂತಿಯು ಇನ್ನೂ ಬಿಟ್ಟಿಲ್ಲ, ಬಿದ್ದ ಕೊನೆಗೌಡನನ್ನು ಎತ್ತಲಿಕ್ಕೆ ಮಾತ್ರ ಗಂಡಸಿನ ತೋಳು ಬೇಕು! ಎಂಜಲು, ಮಲಮೂತ್ರಗಳನ್ನು ಮುಟ್ಟುವ ಉದ್ಯೋಗವೆಂದು ಮೂಗು ಮುರಿಯುವ ಹಿರಿಯರೂ ಉಂಟು. ತಮ್ಮ ಸರದಿ ಬಂದಾಗ ಅವರ ಮಾತು ಬದಲಾಗುತ್ತದೆ.

ಆದುದರಿಂದ ನಮ್ಮ ಸೂಚನೆಯು ಇಷ್ಟು. ಘಟ್ಟದ ಮೇಲಿನ ಈ ಮೂರು ತಾಲೂಕುಗಳಲ್ಲಿ ಎಲ್ಲಿಯಾದರೂ ಒಂದು ಸರಕಾರಿ ಕಾಲೇಜಿನಲ್ಲಿ ಆರೋಗ್ಯ ಮತ್ತು ಸಮಾಜಪಾಲನೆಗಳ ಒಂದು ಸಂಯುಕ್ತ ಶಿಕ್ಷಣಕ್ರಮವು ಆರಂಭವಾಗಲಿ. ಶರೀರಶಾಸ್ತ್ರ, ಔಷಧ, ಗಾಯದ ಶುಶ್ರೂಷೆಗಳಿಗೆ ಶಿರಸಿಯ ಆಸ್ಪತ್ರೆಗಳೂ ಕಾರವಾರದ ವೈದ್ಯಕೀಯ ವಿಜ್ಞಾನ ಸಂಸ್ಥೆಯೂ ಇವೆ. ಕಾಯಿದೆ, ಮಾಸಾಶನ, ಮನಸ್ಸಿನ ಆರೈಕೆ, ಮನೆಯವರೊಡನೆ ಮಾತಾಡುವ ಬಗೆ, ಇವುಗಳಿಗೆ ಧಾರವಾಡದ ಅಧ್ಯಾಪಕರು ಬಂದು ಕಲಿಸಲಿ. ಪಾಠವು ಕನ್ನಡದಲ್ಲಿ ನಡೆಯಲಿ. ಔಷಧಗಳ ಹೆಸರು, ಪರಿಭಾಷೆ, ಚೀಟಿ ಓದುವಷ್ಟು ಇಂಗ್ಲಿಷು ಜೊತೆಗಿರಲಿ. ವರ್ಷದ ಅರ್ಧ ಭಾಗವನ್ನು ವಿದ್ಯಾರ್ಥಿಯು ಮನೆಗಳಲ್ಲಿಯೇ ಕಳೆಯಲಿ. ತನಗೆ ಒಪ್ಪಿಸಿದ ಹತ್ತು ಮನೆಗಳಲ್ಲಿ ಯಾರ ಬೆನ್ನಿನ ಹುಣ್ಣು ಒಣಗಿತು, ಯಾವ ಹುಡುಗನು ಸಾಲೆಗೆ ಮರಳಿದನು, ಯಾರ ಚೀಟಿಯು ಕೈಸೇರಿತು ಎಂಬುದೇ ಅವನ ಪರೀಕ್ಷೆಯಾಗಲಿ. ಸ್ಥಳಗಳಲ್ಲಿ ದೊಡ್ಡ ಪಾಲು ಈ ತಾಲೂಕುಗಳ ಮಕ್ಕಳಿಗೇ ಇರಲಿ. ಎಲ್ಲಕ್ಕಿಂತ ಮಿಗಿಲಾಗಿ, ಪದವಿಯ ಜೊತೆಗೆ ಹುದ್ದೆಯೂ ಇರಲಿ: ಎರಡೆರಡು ಪಂಚಾಯತಿಗಳಿಗೊಬ್ಬರಂತೆ, ಖಾಯಂ ಪಗಾರದ ಮೇಲೆ, ಓಡಾಡಲು ವಾಹನದ ಭತ್ಯೆಯೊಡನೆ.

ಇದರಿಂದ ಅರೆಕಲಿತವರ ಇನ್ನೊಂದು ದಂಡು ಹುಟ್ಟೀತೆಂದು ಕೆಲವರು ಆಕ್ಷೇಪಿಸುವರು. ಆಕ್ಷೇಪವು ಹಗುರಾದದ್ದಲ್ಲ. ಎ.ಎನ್.ಎಂ. ಹುಡುಗಿಯನ್ನು ಸೂಲಗಿತ್ತಿಯನ್ನಾಗಿ ತರಬೇತುಗೊಳಿಸಿ ಕಾರಕೂನಳನ್ನಾಗಿ ದುಡಿಸಿಕೊಂಡ ಚರಿತ್ರೆಯು ನಮ್ಮ ಕಣ್ಣಮುಂದೆಯೇ ಇದೆ. ಹೊಸ ಹುದ್ದೆಯವನ ಕೈಗೂ ಹನ್ನೆರಡು ರಿಜಿಸ್ಟರು, ಮೂರು ಮೊಬೈಲ್ ಆ್ಯಪುಗಳನ್ನು ಕೊಟ್ಟುಬಿಟ್ಟರೆ ಅವನೂ ಜಗಲಿಯಿಂದಲೇ ಹಿಂದಿರುಗುವನು. ಶಿಕ್ಷಣಕ್ರಮವನ್ನು ಕಟ್ಟುವವರು ಕಾಗದದ ಮಿತಿಯನ್ನೂ ಹುದ್ದೆಯ ನಿಯಮದಲ್ಲಿಯೇ ಬರೆದಿಡಬೇಕು. ಈಗಿರುವ ದಾದಿಯರಿಗೂ ಆಶಾ ಕಾರ್ಯಕರ್ತೆಯರಿಗೂ ಈ ತರಗತಿಗಳಲ್ಲಿ ಮೊದಲ ಹಕ್ಕು ಇರಬೇಕು. ಹತ್ತು ವರ್ಷ ಕಾಡಿನಲ್ಲಿ ನಡೆದವಳಿಗೆ ಹೊಸದಾಗಿ ಬಂದವನು ಮೇಲಧಿಕಾರಿಯಾಗಬಾರದು. ಹಣದ ವಿಷಯವನ್ನು ನಾವು ಇಲ್ಲಿ ಬೆಳೆಸುವದಿಲ್ಲ. ಒಂದು ಹಾಸಿಗೆಹುಣ್ಣು ನಂಜೇರಿ ರೋಗಿಯು ಮರಳಿ ಹುಬ್ಬಳ್ಳಿಗೆ ಹೋದರೆ ತಗಲುವ ವೆಚ್ಚವನ್ನು ಅರ್ಥಸಚಿವರ ಕಚೇರಿಯು ತಾನೇ ಲೆಕ್ಕ ಹಾಕಿಕೊಳ್ಳಲಿ.

2021ರ ಜುಲೈದಲ್ಲಿ ಕಳಚೆಯ ಗುಡ್ಡವು ಕುಸಿದು, ಗುಳ್ಳಾಪುರದ ಸೇತುವೆಯು ಗಂಗಾವಳಿಯಲ್ಲಿ ಕೊಚ್ಚಿಹೋಗಿ, ಅರಬೈಲಿನ ಘಟ್ಟವೇ ಮುಚ್ಚಿಹೋದಾಗ, ಹುಬ್ಬಳ್ಳಿಯೂ ದೂರವಾಯಿತು, ಅಂಕೋಲೆಯೂ ದೂರವಾಯಿತು. ಅಂಥ ದಿನಗಳಲ್ಲಿ ಈ ಬದಿಯ ಹಳ್ಳಿಗಳಿಗೆ ಉಳಿಯುವ ವೈದ್ಯಸಹಾಯವೆಂದರೆ ಈ ಬದಿಯಲ್ಲಿಯೇ ಮನೆಯುಳ್ಳವರದು ಮಾತ್ರ. ಪಿ.ಯು.ಸಿ. ಫಲಿತಾಂಶವು ಬಂದು, ಮಳೆ ಹಿಡಿಯುವ ಮುನ್ನ, ಇಡಗುಂದಿಯ ಬಸ್ ನಿಲ್ದಾಣದಲ್ಲಿ ಕಾಗದದ ಚೀಲ ಹಿಡಿದು ಹುಬ್ಬಳ್ಳಿಯ ಗಾಡಿಗಾಗಿ ಕಾಯುವ ಹುಡುಗಿಯರನ್ನು ಪ್ರತಿವರ್ಷವೂ ಕಾಣಬಹುದು. ಯಲ್ಲಾಪುರದಲ್ಲಿಯೇ ಇಳಿಯುವಂಥ ಕಾಲೇಜು ಅವರಿಗೆ ಯಾವ ವರ್ಷದಿಂದ ದೊರೆಯುವದೆಂಬುದನ್ನು ಆರೋಗ್ಯ ಖಾತೆಯವರೂ ಉನ್ನತ ಶಿಕ್ಷಣ ಖಾತೆಯವರೂ ಒಟ್ಟಿಗೆ ಕುಳಿತು ಹೇಳಬೇಕು.